ಅನುಭಾವದ ಓದು, ಹೊರಗಿನ ತುಳಿತ, ಒಳಗಿನ ಸಮಾಧಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಊರಿನಲ್ಲಿ ಗುರುವಾರ ರಾತ್ರಿ ಊಟ ಮುಗಿದ ಮೇಲೆ ಹದಿನೈದಿಪ್ಪತ್ತು ಜನ ಒಂದು ಪಡಸಾಲೆಯಲ್ಲಿ ಕೂಡುತ್ತೇವೆ. ವಾರಕ್ಕೊಂದೇ ವಚನವನ್ನೋ ತತ್ವಪದವನ್ನೋ ಮರಾಠಿ ಸಂತರ ಅಭಂಗವನ್ನೋ ಎದುರಿಗಿಟ್ಟುಕೊಂಡು ಓದುತ್ತೇವೆ. ಕಬ್ಬು ಕಡಿಯುವವರು, ಹೊಲಿಗೆಯವರು, ಸೊಲ್ಲಾಪುರದ ಪವರ್‌ಲೂಮ್‌ಗಳಿಗೆ ದಿನವೂ ಹೋಗಿ ಬರುವವರು, ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ನಾನು, ಅವ್ವಂದಿರ ಸೆರಗು ಹಿಡಿದು ಬರುವ ನಾಲ್ಕಾರು ಮಕ್ಕಳು, ಇಷ್ಟೇ ನಮ್ಮ ಕೂಟ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು ಆಗಿರುವುದರಿಂದ ಅವನ್ನು ಬರೆದಿಟ್ಟಿದ್ದೇನೆ. ಉತ್ತರಗಳಲ್ಲಿ ಕೂಟದ ಮಾತೂ ಇದೆ, ನನ್ನ ಹಟವೂ ಇದೆ.

ಅನುಭಾವದ ಓದು ಎಂದರೇನು? ಪಾರಾಯಣಕ್ಕೂ ಇದಕ್ಕೂ ಏನು ವ್ಯತ್ಯಾಸ?

ಗ್ರಂಥವು ಎಂದೋ ಎಲ್ಲೋ ನಡೆದದ್ದನ್ನು ಹೇಳುತ್ತಿದೆ ಎಂದುಕೊಂಡು ಓದುವುದು ಒಂದು ಬಗೆ. ಅದೇ ಮಾತು ನನ್ನೊಳಗೆ ಈಗ ನಡೆಯುತ್ತಿರುವುದನ್ನು ಹೇಳುತ್ತಿದೆ ಎಂದುಕೊಂಡು ಓದುವುದು ಇನ್ನೊಂದು ಬಗೆ, ಮತ್ತು ನಾವು ಅನುಭಾವದ ಓದು ಎನ್ನುವುದು ಈ ಎರಡನೆಯದನ್ನು. ಪಾರಾಯಣದಲ್ಲಿ ಎಷ್ಟು ಓದಿದೆವು ಎಂಬ ಲೆಕ್ಕವಿರುತ್ತದೆ; ಇಲ್ಲಿ ಒಂದು ಸಾಲು ಮೂರು ಗುರುವಾರ ಹಿಡಿದರೂ ಯಾರೂ ಅವಸರ ಮಾಡುವುದಿಲ್ಲ.

ನಮಗೆ ಹತ್ತಿರದ ಉದಾಹರಣೆ ಸೊಲ್ಲಾಪುರದ ಕೆರೆಯೇ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ (ಸೊಲ್ಲಾಪುರದ ಹಳೆಯ ಹೆಸರು) ಸಿದ್ಧರಾಮ ಕೆರೆ ಕಟ್ಟಿಸಿದ, ಲಿಂಗಗಳನ್ನು ನಿಲ್ಲಿಸಿದ, ಊರನ್ನೇ ಬೆಳೆಸಿದ. ಶರಣರ ಸಂವಾದಗಳನ್ನು ಹೆಣೆದ ಶೂನ್ಯಸಂಪಾದನೆಯ ಕಥೆಯಲ್ಲಿ ಅಲ್ಲಮ ಅಲ್ಲಿಗೆ ಬಂದು, ಕಲ್ಲುಮಣ್ಣಿನ ಕೆಲಸದಲ್ಲೇ ಮುಳುಗಿದವನೆಂದು ಅವನನ್ನು ಕೆಣಕುತ್ತಾನೆ, ಮಾತಿಗೆ ಮಾತು ಬೆಳೆದು ಸಿದ್ಧರಾಮನ ನೋಟ ಹೊರಗಿನಿಂದ ಒಳಕ್ಕೆ ಹೊರಳುತ್ತದೆ. ಅನುಭಾವಿಯಾಗಿ ಓದುವವನಿಗೆ ಕೆರೆ ಎಂದರೆ ಮನಸ್ಸು, ಏರಿ ಎಂದರೆ ಅದನ್ನು ಕಾಯುವ ಅರಿವು. ಇದು ಸರಿಯೇ, ಆದರೆ ಇಲ್ಲೇ ಒಂದು ಎಚ್ಚರಿಕೆಯ ಮಾತನ್ನೂ ಹೇಳಿಬಿಡುತ್ತೇನೆ: ಒಳಗಿನ ಕೆರೆಯೊಂದೇ ನಿಜ, ಹೊರಗಿನದು ಬರೀ ಮಣ್ಣು ಎನ್ನುವವರು ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರಲ್ಲ. ಸಿದ್ಧರಾಮ ತಾನು ಕಟ್ಟಿದ ಕೆರೆಯನ್ನು ಒಡೆಯಲಿಲ್ಲ. ಅದರ ನಡುವೆ ಗುಡಿ ಇಂದಿಗೂ ಇದೆ.

ತುಳಿತ, ದಬ್ಬಾಳಿಕೆ ಎಂದರೆ ನೀವು ಹೇಳುವುದು ಯಾವುದನ್ನು? ಇದು ರಾಜಕೀಯದ ಮಾತೇ?

ಕೂಟಕ್ಕೆ ಬರುವವರ ಬದುಕಿನ ಮಾತು. ಕಬ್ಬು ಕಡಿಯಲು ಹೋಗುವ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ, ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮನ ಪುಸ್ತಕದಲ್ಲಿ ‘ಒಂದು ಕೊಯ್ತಾ’ ಎಂದು ಬರೆಯುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಎರಡು ಜೀವ, ಒಂದು ಕತ್ತಿಯ ಹೆಸರು. ಹಂಗಾಮಿಗೆ ಮುಂಚೆ ಕೊಟ್ಟ ಉಚಲದ ಹಣ ತೀರುವ ತನಕ ಮೈ ಸರಿಯಿಲ್ಲದಿದ್ದರೂ ಗದ್ದೆಗೆ ಇಳಿಯಲೇಬೇಕು. ಒಂದು ದಿನ ತಪ್ಪಿದರೆ ‘ಖಾಡಾ’ ಎಂದು ಕಡಿತ. ಇದು ಒಂದು. ಜಾತಿ ತಿಳಿದ ಮೇಲೆ ಬದಲಾಗುವ ಮುಖ ಇನ್ನೊಂದು. ಮನೆಯೊಳಗಿನ ಹೊಡೆತ ಮತ್ತೊಂದು. ಇವುಗಳಿಗೆ ರಾಜಕೀಯವೆಂದು ಹೆಸರಿಡುವವರು ಇಡಲಿ.

ತುಳಿಯುವವರು ತುಳಿಯುತ್ತಲೇ ಇರುವಾಗ ಒಳಗಿನ ಶಾಂತಿ ಹುಡುಕುವುದು ಪಲಾಯನವಲ್ಲವೇ?

ಕೇಳಲೇಬೇಕಾದ ಪ್ರಶ್ನೆ ಇದು, ಮತ್ತು ಇದನ್ನು ಬಹಳ ಗಟ್ಟಿಯಾಗಿ ಕೇಳಿದವರು ಬಾಬಾಸಾಹೇಬ ಅಂಬೇಡ್ಕರರು. 1936ರಲ್ಲಿ ಜಾತಿವಿನಾಶದ ಕುರಿತು ತಾವು ಬರೆದ ಭಾಷಣದ ಬಗ್ಗೆ ಗಾಂಧೀಜಿ ಆಕ್ಷೇಪವೆತ್ತಿದಾಗ ಕೊಟ್ಟ ಉತ್ತರದಲ್ಲಿ, ಸಂತರು ದೇವರ ಕಣ್ಣಿಗೆ ಎಲ್ಲರೂ ಸಮಾನರೆಂದರೇ ಹೊರತು ಮನುಷ್ಯ ಮನುಷ್ಯರ ನಡುವೆ ಸಮಾನತೆಯನ್ನು ಬೋಧಿಸಲಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದರು. ಈ ಮಾತನ್ನು ಬದಿಗೆ ಸರಿಸಿ ಓದಲು ಕೂಡುವವರ ಜೊತೆ ನನಗೆ ಕೆಲಸವಿಲ್ಲ. ಆದರೆ ಅದೇ ಅಂಬೇಡ್ಕರರು 1948ರಲ್ಲಿ ಅಸ್ಪೃಶ್ಯರ ಮೂಲವನ್ನು ಕುರಿತ ತಮ್ಮ ಗ್ರಂಥವನ್ನು ನಂದನಾರ್, ರವಿದಾಸ, ಚೋಖಾಮೇಳ ಎಂಬ ಮೂವರು ಸಂತರ ನೆನಪಿಗೆ ಅರ್ಪಿಸಿದರು ಎಂಬುದನ್ನೂ ಜೊತೆಗಿಟ್ಟುಕೊಳ್ಳಬೇಕು. ಸಂತರ ದಾರಿ ಸಾಲದು ಎಂದು ಹೇಳುವುದು ಬೇರೆ, ಸಂತರ ನೋವು ಸುಳ್ಳು ಎಂದು ಹೇಳುವುದು ಬೇರೆ.

ನಮ್ಮ ಕೂಟದಲ್ಲಿ ಇದಕ್ಕೊಂದು ಅಳತೆಗೋಲು ಮಾಡಿಕೊಂಡಿದ್ದೇವೆ. ಆರು ತಿಂಗಳು ಓದಿದ ಮೇಲೆ ನಿನ್ನ ಅಂಜಿಕೆ ಕಡಿಮೆಯಾಯಿತೋ, ಮಾತು ಕಡಿಮೆಯಾಯಿತೋ ಎಂದು ಕೇಳಿಕೊಳ್ಳುವುದು. ಅಂಜಿಕೆ ಕಡಿಮೆಯಾಗಿದ್ದರೆ ಓದು ಮೈಗೆ ಹತ್ತಿದೆ. ಮಾತಷ್ಟೇ ಕಡಿಮೆಯಾಗಿದ್ದರೆ ಅದು ಸಮಾಧಾನವಲ್ಲ, ಹೊಡೆತ ತಿಂದು ತಿಂದು ಬಂದ ಮರಗಟ್ಟುವಿಕೆ. ಅಂಥ ಓದನ್ನು ನಿಲ್ಲಿಸುವುದೇ ಒಳ್ಳೆಯದು.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಾನು ಮೊದಲ ಸಲ ಮಾಸ್ತರಾಗಿ ಹೋದ ಊರಿನಲ್ಲಿ ಮೂರು ಮನೆಗಳು ಬಾಡಿಗೆಗೆ ಖಾಲಿಯಿದ್ದವು. ಮೂರೂ ಕಡೆ ಮೊದಲು ಚಹಾ ಕೊಟ್ಟರು, ಆಮೇಲೆ ಅಡ್ಡಹೆಸರು ಕೇಳಿದರು, ಆಮೇಲೆ ಮನೆಯನ್ನು ಅಳಿಯನಿಗೆ ಕೊಡುವುದಿದೆ ಎಂದರು. ಮೂರೂ ಮನೆಗಳಿಗೂ ಒಂದೇ ವಾರದಲ್ಲಿ ಅಳಿಯಂದಿರು ಹುಟ್ಟಿಕೊಂಡದ್ದು ಕಂಡು ಇವತ್ತು ನಗು ಬರುತ್ತದೆ, ಆಗ ಬರಲಿಲ್ಲ. ಒಂದು ತಿಂಗಳಿಗೂ ಹೆಚ್ಚು ಕಾಲ ಶಾಲೆಯ ಕೋಣೆಯಲ್ಲಿ ಎರಡು ಬೆಂಚು ಜೋಡಿಸಿಕೊಂಡು ಮಲಗಿದೆ. ಬೆಂಚುಗಳ ನಡುವಿನ ಸಂದು ಬೆನ್ನಿಗೆ ಒತ್ತುತ್ತಿತ್ತು. ಆ ಕೋಣೆಯ ಅಲಮಾರಿಯಲ್ಲಿದ್ದ ಹಳೆಯ ವಚನಸಂಗ್ರಹವೊಂದರಲ್ಲಿ ಅಕ್ಕಮಹಾದೇವಿಯ ವಚನ ಸಿಕ್ಕಿತು: ‘ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಂಗಳಿಗಂಜಿದೊಡೆಂತಯ್ಯಾ?’ ಶಾಲೆಯಲ್ಲಿ ಕಲಿತದ್ದೇ. ಆದರೆ ಅಂದು ‘ಮನೆಯ ಮಾಡಿ’ ಎಂಬ ಎರಡು ಮಾತಿನ ಮುಂದೆ ಹೋಗಲಾಗಲಿಲ್ಲ. ಮನೆ ಇಲ್ಲದವನಿಗೆ ಅಕ್ಕ ‘ಮನೆ ಮಾಡಿದ ಮೇಲೆ ಅಂಜಬೇಡ’ ಎನ್ನುತ್ತಿದ್ದಾಳೆ. ಯಾವ ಮನೆ? ಬಾಡಿಗೆಗೆ ಸಿಗದ, ಸಿಕ್ಕರೂ ಯಾರೂ ಖಾಲಿ ಮಾಡಿಸಲಾಗದ ಮನೆಯೊಂದು ಇರುವುದಾದರೆ ಅದರಲ್ಲಿ ನಾನು ಆಗಲೇ ಇದ್ದೆ. ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಮೂರು ಮನೆಗಳ ಸಂಗತಿಯನ್ನೂ ದಿನಾಂಕ ಹಾಕಿ ಬರೆದು ಮೇಲಧಿಕಾರಿಗೆ ಕೊಟ್ಟದ್ದು. ಅದರಿಂದ ಏನೂ ಆಗಲಿಲ್ಲ. ಆದರೆ ಹಿಂದಿನ ದಿನದವರೆಗೂ ಅದನ್ನು ಬರೆಯಲು ನನ್ನ ಕೈ ಏಳುತ್ತಿರಲಿಲ್ಲ, ಏಕೆಂದರೆ ಬರೆದರೆ ನನ್ನ ಮಾನವೇ ಹೋಗುತ್ತದೆ ಎಂದುಕೊಂಡಿದ್ದೆ. ಮಾನ ಹೋಗಬೇಕಾದದ್ದು ಯಾರದು ಎಂಬ ಲೆಕ್ಕ ಒಂದು ರಾತ್ರಿಯಲ್ಲಿ ತಿರುಗಿಬಿದ್ದಿತ್ತು.

ಅದೇ ವಚನದ ಕೊನೆಯಲ್ಲಿ ‘ಕೋಪವ ತಾಳದೆ ಸಮಾಧಾನಿಯಾಗಿರಬೇಕು’ ಎಂದಿದೆಯಲ್ಲ?

ಇದೆ. ಆದರೆ ಅಕ್ಕ ಸಮಾಧಾನಿಯಾಗಿರಬೇಕೆಂದದ್ದು ‘ಸ್ತುತಿನಿಂದೆಗಳು’ ಬಂದಾಗ. ಹೊಗಳಿಕೆಗೂ ಅದೇ ಮದ್ದು, ತೆಗಳಿಕೆಗೂ ಅದೇ ಮದ್ದು. ಕೂಲಿ ಕಡಿದಾಗ ಸಮಾಧಾನಿಯಾಗಿರು ಎಂದು ಅವಳು ಎಲ್ಲಿಯೂ ಹೇಳಿಲ್ಲ. ಒಲ್ಲದ ಅರಸನ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ನಡೆದವಳೆಂದು ಪರಂಪರೆ ಹೇಳುವ ಹೆಣ್ಣುಮಗಳ ಬಾಯಲ್ಲಿ ಅಂಥ ಉಪದೇಶ ಹೊಂದುವುದೂ ಇಲ್ಲ.

ಕೋಪ ಬರುವುದೇ ತಪ್ಪೇ?

ತಪ್ಪಾಗಿದ್ದರೆ ಸಿಟ್ಟಿನ ಮಾತಿಗೇ ಹೆಸರಾದ ಅಂಬಿಗರ ಚೌಡಯ್ಯನನ್ನು ಶರಣರ ಸಾಲಿನಿಂದ ಎಬ್ಬಿಸಿ ಕಳಿಸಬೇಕಾಗುತ್ತಿತ್ತು. ಮನೆಯೊಳಗಿನ ಕಿಚ್ಚು ಮೊದಲು ತನ್ನ ಮನೆಯನ್ನೇ ಸುಡುತ್ತದೆ ಎಂದು ಬಸವಣ್ಣನವರು ಹೇಳಿದ್ದು ಕಿಚ್ಚಿನ ವಿರುದ್ಧವಲ್ಲ, ಅದನ್ನು ಇಡುವ ಜಾಗದ ಬಗ್ಗೆ ಎಂದು ನಾನು ಓದಿಕೊಳ್ಳುತ್ತೇನೆ. ಒಲೆಯಲ್ಲಿದ್ದರೆ ರೊಟ್ಟಿ ಬೇಯುತ್ತದೆ.

‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಎಂದು ಬಸವಣ್ಣನವರೇ ಹೇಳಿದ್ದಾರೆ. ಸುಮ್ಮನಿರಿ ಎಂದೇ ಅರ್ಥವಲ್ಲವೇ?

ಊರಿನ ಹಿರಿಯರು ಬಾಯಿ ಮುಚ್ಚಿಸಲು ಹೆಚ್ಚಾಗಿ ಬಳಸುವ ವಚನ ಇದು. ಅದರಲ್ಲಿ ಮುಂದೆ ಬರುವ ಸಾಲು ಇನ್ನೂ ತೊಡಕಿನದು: ‘ನೆರೆಮನೆಯ ದುಃಖಕ್ಕೆ ಅಳುವವರ ಮೆಚ್ಚ ಕೂಡಲಸಂಗಮದೇವ.’ ಪಕ್ಕದ ಮನೆಯ ದುಃಖಕ್ಕೆ ಅತ್ತರೆ ದೇವರು ಮೆಚ್ಚುವುದಿಲ್ಲವೇ? ದಯೆಯಿಲ್ಲದ ಧರ್ಮ ಯಾವುದು ಎಂದು ಕೇಳಿದವರು ಇದನ್ನೂ ಹೇಳಿದರೇ?

ಇಂಥ ಕಡೆ ಅನುಭಾವದ ಓದಿಗೆ ಕೆಲಸ ಬೀಳುತ್ತದೆ. ನೇರ ಅರ್ಥ ಕೈಕೊಟ್ಟಾಗ ಎರಡು ದಾರಿಗಳಿವೆ. ಒಂದು, ಆ ಮಾತು ನಮಗೆ ಬೇಡವೆಂದು ಬಿಡುವುದು. ಅದೂ ಪ್ರಾಮಾಣಿಕ ದಾರಿಯೇ. ಇನ್ನೊಂದು, ಹೇಳಿದವರ ಬದುಕನ್ನು ಮಾತಿನ ಪಕ್ಕದಲ್ಲಿಟ್ಟು ನೋಡುವುದು. ಬಿಜ್ಜಳನ ಕಾಲದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದರು, ಅದಕ್ಕಾಗಿ ಆ ಇಬ್ಬರು ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು ಎಂಬುದು ಪರಂಪರೆಯ ಕಥನ. ಆ ಗುಂಪಿನ ನಡುವೆ ಇದ್ದವರು ಬಸವಣ್ಣನವರು. ಲೋಕದ ಡೊಂಕನ್ನು ಮುಟ್ಟಬೇಡಿ ಎಂಬುದೇ ಅವರ ಮಾತಾಗಿದ್ದರೆ ಆ ಮದುವೆಯ ಚಪ್ಪರವೇ ಏಳುತ್ತಿರಲಿಲ್ಲ.

ಹಾಗಾದರೆ ವಚನದ ಅರ್ಥವೇನು? ತನ್ನ ಮನಸ್ಸಿನ ಡೊಂಕನ್ನು ಹಾಗೇ ಉಳಿಸಿಕೊಂಡು ಲೋಕವನ್ನು ತಿದ್ದಲು ಹೊರಟವನು, ತನ್ನ ಮನೆಯಲ್ಲಿ ಸೊಸೆಯನ್ನು ಅಳಿಸಿ ನೆರೆಮನೆಯ ಸಾವಿಗೆ ಹೋಗಿ ಎದೆ ಬಡಿದುಕೊಳ್ಳುವವನು, ಇವರನ್ನು ಕುರಿತ ಮಾತು ಎಂದು ನಮ್ಮ ಕೂಟ ಓದಿತು. ಹೀಗೆ ಓದಲು ವಚನ ಜಾಗ ಕೊಡುತ್ತದೆ. ಆದರೆ ವಚನವೇ ಇದನ್ನು ಬಿಡಿಸಿ ಹೇಳಿದೆ ಎಂದು ನಾನು ವಾದಿಸುವುದಿಲ್ಲ. ಅರ್ಥವನ್ನು ಎಳೆದು ಎಳೆದು ನಮಗೆ ಬೇಕಾದಲ್ಲಿಗೆ ತಂದು ನಿಲ್ಲಿಸುವ ಚಟ ಅನುಭಾವದ ಓದಿಗೆ ಅಂಟಿದ ದೊಡ್ಡ ರೋಗ.

ಮರಾಠಿ ಅಭಂಗಗಳನ್ನೂ ಓದುತ್ತೀರಂತೆ. ಕನ್ನಡ ಕೂಟದಲ್ಲಿ ಅದೇಕೆ?

ಸೊಲ್ಲಾಪುರ ಜಿಲ್ಲೆಯಲ್ಲಿ ಇದ್ದುಕೊಂಡು ಓದದೆ ಇರುವುದು ಹೇಗೆ? ಬಿಜ್ಜಳ ಕಲ್ಯಾಣಕ್ಕೆ ಬರುವ ಮುಂಚೆ ಅವನ ಕಲಚೂರಿ ಮನೆತನದ ನೆಲೆಯಾಗಿದ್ದದ್ದು ಇದೇ ಜಿಲ್ಲೆಯ ಮಂಗಳವೇಢೆ. ಬಸವಣ್ಣನವರ ಕರಣಿಕ ವೃತ್ತಿ ಶುರುವಾದದ್ದೂ ಅಲ್ಲೇ ಎನ್ನುತ್ತಾರೆ. ಅದೇ ಮಂಗಳವೇಢೆಯಲ್ಲಿ ಮುಂದೆ ಚೋಖಾಮೇಳ ಬಾಳಿದ. ಮಹಾರ ಕುಲದವನು, ವಿಠ್ಠಲನ ಭಕ್ತ, ಗುಡಿಯ ಒಳಗೆ ಕಾಲಿಡುವಂತಿಲ್ಲ. ಮಂಗಳವೇಢೆಯ ಗೋಡೆಯ ಕೆಲಸಕ್ಕೆ ಹಿಡಿದುಕೊಂಡು ಹೋದಾಗ ಗೋಡೆ ಕುಸಿದು ಸತ್ತನೆಂದೂ, ಎಲುಬುಗಳ ರಾಶಿಯಲ್ಲಿ ವಿಠ್ಠಲ ನಾಮ ಕೇಳಿಸಿದವುಗಳನ್ನು ಆರಿಸಿ ಸಂತ ನಾಮದೇವ ಪಂಢರಪುರಕ್ಕೆ ತಂದನೆಂದೂ ಕಥೆಯಿದೆ. ಗುಡಿಯ ಮಹಾದ್ವಾರದ ಎದುರು, ನಾಮದೇವನ ಮೆಟ್ಟಿಲ ಹತ್ತಿರ, ಹೊರಗೇ ಅವನ ಸಮಾಧಿಯಿದೆ.

ಅವನ ಅಭಂಗವೊಂದರ ಮೊದಲ ಸಾಲು ‘ಊಸ ಡೊಂಗಾ ಪರೀ ರಸ ನೋಹೇ ಡೊಂಗಾ’. ಕಬ್ಬು ಡೊಂಕು, ರಸ ಡೊಂಕಲ್ಲ. ಮುಂದೆ ಚೋಖಾ ತನ್ನನ್ನೇ ಡೊಂಕೆಂದು ಕರೆದುಕೊಂಡು, ತನ್ನ ಭಾವ ಡೊಂಕಲ್ಲ ಎನ್ನುತ್ತಾನೆ. ಮರಾಠಿಯ ‘ಡೊಂಗಾ’ ನಮ್ಮ ಕಿವಿಗೆ ‘ಡೊಂಕ’ ಎಂದೇ ಕೇಳುವುದರಿಂದ, ಲೋಕದ ಡೊಂಕಿನ ವಚನ ಓದಿದ ಮರುವಾರ ಇದನ್ನು ತೆಗೆದುಕೊಂಡೆವು. ನಾನು ಮಾಸ್ತರಿಕೆಯ ಅಭ್ಯಾಸದಂತೆ ದೇಹ ಕಬ್ಬು, ಆತ್ಮ ರಸ ಎಂದು ಬೋರ್ಡಿನ ಮೇಲೆ ಬರೆದಂತೆ ವಿವರಿಸಿ, ಚೋಖಾ ತನ್ನನ್ನು ಡೊಂಕೆಂದು ಒಪ್ಪಿಕೊಂಡದ್ದು ನನಗೆ ಸರಿಕಾಣುವುದಿಲ್ಲ, ಅದು ಮೇಲಿನವರು ಹೊರಿಸಿದ ಹೆಸರು ಎಂದು ಸೇರಿಸಿದೆ.

ಇಪ್ಪತ್ತು ವರ್ಷ ಕೊಯ್ತಾ ಹಿಡಿದ ಅಕ್ಕ ಒಬ್ಬರು ಮೂಲೆಯಲ್ಲಿ ಕೂತಿದ್ದರು. ಸಾಮಾನ್ಯವಾಗಿ ಮಾತಾಡುವವರಲ್ಲ. “ಕಬ್ಬು ಯಾಕ ಡೊಂಕ ಆಗ್ತದ ಗೊತ್ತದೇನ್ರಿ ಗುರುಗಳ?” ಎಂದರು. ಗೊತ್ತಿಲ್ಲ ಎಂದೆ. “ಗಾಳಿಗಿ ನೆಲಕ್ಕ ಬೀಳ್ತದರಿ. ಬಿದ್ದಲ್ಲೇ ಸಾಯಂಗಿಲ್ಲ, ತುದಿ ಮತ್ತ ಮ್ಯಾಲಕ್ಕ ತಿರುಗಿ ಬೆಳೀತದ. ಅದಕ್ಕ ಡೊಂಕ. ನೆಟ್ಟಗಿದ್ದ ಕಬ್ಬು ಬಿದ್ದೇ ಇಲ್ಲರಿ ಅದು.” ಆಮೇಲೆ ಸ್ವಲ್ಪ ತಡೆದು, “ಕಡಿಯಾಕ ಅದೇ ಭಾಳ ತ್ರಾಸು. ಕೈಗಿ ಸಿಗಂಗಿಲ್ಲ” ಎಂದು ಸೇರಿಸಿದರು.

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಗ್ರಂಥದ ಒಳ ಅರ್ಥವೆಂದು ನಾನು ಹೇಳಿದ್ದು ಪುಸ್ತಕದಿಂದ ಪುಸ್ತಕಕ್ಕೆ ಬಂದದ್ದು. ಅವರು ಹೇಳಿದ್ದು ಗದ್ದೆಯಿಂದ ಬಂದದ್ದು. ಡೊಂಕು ಎಂಬುದು ಕುಂದಲ್ಲ, ಬಿದ್ದು ಎದ್ದದ್ದರ ಗುರುತು ಎಂದು ಚೋಖಾ ಬಲ್ಲನೋ ಇಲ್ಲವೋ, ಆ ಸಾಲು ಅಷ್ಟನ್ನೂ ಹಿಡಿಯುತ್ತದೆ. ಅಂದಿನಿಂದ ಕೂಟದಲ್ಲಿ ವಿವರಣೆ ಮೊದಲು ಹೇಳುವ ಹಕ್ಕನ್ನು ನಾನು ಬಿಟ್ಟುಕೊಟ್ಟಿದ್ದೇನೆ.

ನಿಜವಾದ ಕಷ್ಟದಲ್ಲಿ, ಸೆರೆಯಲ್ಲಿ, ಸಾವಿನ ಮುಂದೆ ಹೀಗೆ ಓದಿದವರಿದ್ದಾರೆಯೇ?

ಬಹಳ ಜನ ಇದ್ದಾರೆ. ಲೋಕಮಾನ್ಯ ತಿಲಕರಿಗೆ 1908ರಲ್ಲಿ ರಾಜದ್ರೋಹದ ಆರೋಪದ ಮೇಲೆ ಆರು ವರ್ಷದ ಶಿಕ್ಷೆಯಾಗಿ, ಮಂಡಾಲೆಯ ಸೆರೆಯಲ್ಲಿ ಅವರು ಗೀತೆಯನ್ನು ಕರ್ಮದ ಶಾಸ್ತ್ರವಾಗಿ ಓದಿ ಬರೆದದ್ದು ಎಲ್ಲರಿಗೂ ಗೊತ್ತು. ಸ್ಪೇನ್ ದೇಶದ ‘ಶಿಲುಬೆಯ ಯೋಹಾನ’ ಎಂಬ ಕ್ರೈಸ್ತ ಸಂತನನ್ನು 1577ರ ಡಿಸೆಂಬರಿನಲ್ಲಿ ಅವನದೇ ಸಂಘದ ಸನ್ಯಾಸಿಗಳು ಟೊಲೆಡೊ ಊರಿನ ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿದರು. ಬೈಬಲಿನ ಪರಮಗೀತೆಯ ನಲ್ಲ ನಲ್ಲೆಯರ ಮಾತನ್ನು ಆತ್ಮ ಮತ್ತು ದೇವರ ಮಾತಾಗಿ ತಿರುಗಿಸಿ ಆ ಕತ್ತಲೆಯಲ್ಲೇ ಪದ್ಯ ಕಟ್ಟಿದ ಅವನು, 1578ರ ಆಗಸ್ಟಿನಲ್ಲಿ ಅಲ್ಲಿಂದ ತಪ್ಪಿಸಿಕೊಂಡ. ತಪ್ಪಿಸಿಕೊಂಡದ್ದನ್ನು ಮರೆಯಬಾರದು. ಒಳಗೆ ಬೆಳಕು ಕಂಡವನು ಹೊರಗಿನ ಬಾಗಿಲಿಗೂ ಕಣ್ಣಿಟ್ಟಿದ್ದ.

ನನ್ನನ್ನು ಹೆಚ್ಚು ಕಾಡುವವರು ವಾರ್ಸಾ ನಗರದ ಯಹೂದಿ ಗುರು ಕಲೋನಿಮಸ್ ಕಲ್ಮನ್ ಶಪೀರಾ. ನಾಜಿಗಳು ಊರನ್ನು ಹಿಡಿದು, ಆಮೇಲೆ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ ಕಾಲದಲ್ಲಿ, 1939ರಿಂದ 1942ರವರೆಗೆ, ವಾರದ ಶಾಸ್ತ್ರಭಾಗದ ಮೇಲೆ ಅವರು ಪ್ರವಚನ ಮಾಡುತ್ತಿದ್ದರು. ದೇವರು ಒಳಕೋಣೆಯಲ್ಲಿ ಕೂತು ಅಳುತ್ತಾನೆ ಎಂಬ ಹಳೆಯ ಮಾತನ್ನು ಎತ್ತಿಕೊಂಡು, ಶಾಸ್ತ್ರದ ಓದೇ ಆ ಕೋಣೆಯ ಬಾಗಿಲು, ಒಳಗೆ ಹೋದವನು ದೇವರ ಜೊತೆ ಕೂತು ಅಳಬಹುದು ಎಂದು ಓದಿದರು. ಹಿಂದೆಯೂ ಇಂಥ ಸಂಕಟಗಳು ಬಂದಿದ್ದವು ಎಂದು ಒಂದು ಕಾಲಕ್ಕೆ ಹೇಳಿದ್ದವರು, 1942ರ ಕೊನೆಯಲ್ಲಿ ತಮ್ಮ ಬರಹಕ್ಕೇ ಟಿಪ್ಪಣಿ ಸೇರಿಸಿ, ಈಗ ನಡೆಯುತ್ತಿರುವುದಕ್ಕೆ ಹಿಂದೆ ಸಾಟಿಯಿಲ್ಲ ಎಂದು ತಿದ್ದಿಕೊಂಡರು. 1943ರಲ್ಲಿ ಅವರನ್ನು ಕೊಂದರು. ಹೂತಿಟ್ಟ ಹಸ್ತಪ್ರತಿ ಯುದ್ಧದ ನಂತರ ಸಿಕ್ಕಿತು. ಸಂಕಟವನ್ನು ಸಿಹಿ ಮಾತಿನಿಂದ ಮುಚ್ಚದೆ, ತನ್ನ ವ್ಯಾಖ್ಯಾನವನ್ನೇ ತಿದ್ದಿಕೊಳ್ಳುವಷ್ಟು ನಿಜವಾಗಿ ಓದಿದ ಅವರ ಮುಂದೆ ನಮ್ಮ ಅನೇಕ ಪ್ರವಚನಕಾರರು ನಾಚಬೇಕು.

ಇನ್ನು ನಮ್ಮ ನಾಡಿನದೇ ಒಂದು ಕಥೆಯಿದೆ. 1932ರಲ್ಲಿ ಧುಳೆಯ ಜೈಲಿನಲ್ಲಿ ವಿನೋಬಾ ಭಾವೆಯವರು ಭಾನುವಾರಕ್ಕೊಂದರಂತೆ ಗೀತೆಯ ಹದಿನೆಂಟು ಅಧ್ಯಾಯಗಳ ಮೇಲೆ ಮಾತಾಡಿದರು. ಕೂತು ಬರೆದುಕೊಂಡವರು ಜೊತೆಯ ಕೈದಿ ಸಾನೆ ಗುರೂಜಿ. ಹದಿನೈದು ವರ್ಷದ ಮೇಲೆ, 1947ರ ಮೇ ತಿಂಗಳಲ್ಲಿ, ಅದೇ ಸಾನೆ ಗುರೂಜಿ ಪಂಢರಪುರದಲ್ಲಿ ವಿಠ್ಠಲನ ಗುಡಿ ದಲಿತರಿಗೆ ತೆರೆಯಬೇಕೆಂದು ಉಪವಾಸ ಕೂತರು, ಗುಡಿ ತೆರೆಯಿತು. ಚೋಖಾ ದಾಟಲಾಗದ ಮೆಟ್ಟಿಲು ಅದು. ಪಲಾಯನದ ಪ್ರಶ್ನೆ ಕೇಳುವವರಿಗೆ ನಾನು ಈ ಮನುಷ್ಯನನ್ನು ತೋರಿಸುತ್ತೇನೆ.

ಯಾವ ಗ್ರಂಥ ಓದಬೇಕು?

ಮನೆಯಲ್ಲಿರುವುದು. ವಚನಗಳೂ ಒಂದು ಕಾಲಕ್ಕೆ ಹಾಗೆಯೇ ಮನೆಗಳ ಓಲೆಗರಿ ಕಟ್ಟುಗಳಲ್ಲಿದ್ದವು, ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸಿ 1923ರಿಂದ ಅಚ್ಚಿಗೆ ತಂದದ್ದರಿಂದ ನಮ್ಮ ಕೈಗೆ ಬಂದವು. ಕೂಟಕ್ಕೆ ಬರುವ ಮುಸ್ಲಿಂ ಕಾಕಾ ಒಬ್ಬರು ಶಿಶುನಾಳ ಶರೀಫರ ಪದಗಳನ್ನು ದಮ್ಮಡಿ ಹಿಡಿದು ಹಾಡುತ್ತಾರೆ. ಕೋಡಗವನ್ನು ಕೋಳಿ ನುಂಗುವ ಆ ಬೆಡಗಿನ ಮಾತು ಮಕ್ಕಳಿಗೆ ಮೊದಲು ಅರ್ಥವಾಗುತ್ತದೆ, ದೊಡ್ಡವರಿಗೆ ಆಮೇಲೆ.

ಗುರುವಿಲ್ಲದೆ ಓದಬಹುದೇ?

ಓದಬಹುದು, ಒಬ್ಬರೇ ಓದಬೇಡಿ. ಒಳ ಅರ್ಥಕ್ಕೆ ಇಳಿಯುವ ಮುಂಚೆ ಪದದ ನೇರ ಅರ್ಥ ನಿಘಂಟಿನಲ್ಲಿ ನೋಡಿ; ಒಂದು ಸಾಲನ್ನು ಕಿತ್ತುಕೊಳ್ಳದೆ ಇಡೀ ವಚನ ಓದಿ; ನಿಮಗಿಂತ ಬೇರೆ ಕಷ್ಟ ಪಟ್ಟವರೊಬ್ಬರ ಮುಂದೆ ನಿಮ್ಮ ಅರ್ಥವನ್ನು ಹೇಳಿ ನೋಡಿ. ‘ನಿಮ್ಮ ಕಷ್ಟ ಹಿಂದಿನ ಜನ್ಮದ ಕರ್ಮ, ಸಹಿಸಿಕೊಳ್ಳಿ’ ಎಂದು ಹೇಳಿ ತಟ್ಟೆ ಮುಂದಿಡುವವರು ಸಿಕ್ಕರೆ ಎದ್ದು ಬನ್ನಿ.

ಕನ್ನಡ ಓದಲು ಬಾರದವರು ಏನು ಮಾಡಬೇಕು? ನಮ್ಮ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ.

ಕಿವಿಯಿಂದ ಕಲಿಯಿರಿ, ಬೇಕಾದರೆ ಮರಾಠಿ ಬರೆಯುವ ಬಾಳಬೋಧ ಅಕ್ಷರದಲ್ಲೇ ಬರೆದುಕೊಳ್ಳಿ. ಒಂದು ತೊಡಕಿದೆ. ಮರಾಠಿ ಬರವಣಿಗೆಯಲ್ಲಿ ನಮ್ಮ ಎ–ಏ, ಒ–ಓ ಎಂಬ ಬೇರೆ ಬೇರೆ ಅಕ್ಷರಗಳಿಲ್ಲ. ‘ಕೊಡು’ ಎಂದು ಬರೆದರೂ ‘ಕೋಡು’ ಎಂದು ಬರೆದರೂ ಒಂದೇ. ಹುಡುಗನೊಬ್ಬ ದೇವರಿಗೆ ‘ನನಗ ಬುದ್ಧಿ ಕೋಡು’ ಎಂದು ಬೇಡಿಕೊಂಡಾಗ ಪಡಸಾಲೆಯೇ ನಕ್ಕಿತು. ದೇವರು ತಲೆಯ ಮೇಲೆ ಎರಡು ಕೋಡು ಮೂಡಿಸಿದರೆ ಏನು ಗತಿ ಎಂದು ಅವನ ಅಜ್ಜಿ ಕೇಳಿದರು. ಉದ್ದ ಎಳೆಯುವ ಅಕ್ಷರದ ಕೆಳಗೆ ಗೆರೆ ಹಾಕುವ ಪದ್ಧತಿಯನ್ನು ಮಕ್ಕಳೇ ಮಾಡಿಕೊಂಡಿದ್ದಾರೆ. ಭಾಷೆಯ ಬಗ್ಗೆ ಜಗಳಕ್ಕೆ ನಿಲ್ಲುವವರಿಗೆ ಜ್ಞಾನೇಶ್ವರರ ‘ಕಾನಡಾ ಹೋ ವಿಠ್ಠಲು ಕರ್ನಾಟಕು’ ಎಂಬ ಅಭಂಗವನ್ನು ಓದಿ ಹೇಳುತ್ತೇನೆ. ‘ಕಾನಡಾ’ ಎಂದರೆ ಕನ್ನಡಿಗ ಎಂದೂ ಆಗುತ್ತದೆ, ಅರಿವಿಗೆ ನಿಲುಕದವನು ಎಂದೂ ಆಗುತ್ತದೆ. ಎರಡೂ ಇರಲಿ.

ದೇವರನ್ನು ನಂಬದವರು ಬರಬಹುದೇ?

ಬರಬಹುದು. ಇಬ್ಬರು ಬರುತ್ತಾರೆ, ಒಳ್ಳೆಯ ಪ್ರಶ್ನೆ ಕೇಳುವವರು ಅವರೇ.

ಮನೆಯಲ್ಲಿ ಹೊಡೆತ ನಡೆಯುತ್ತಿದೆ. ವಚನ ಓದಿದರೆ ತಡೆದುಕೊಳ್ಳುವ ಶಕ್ತಿ ಬರುತ್ತದೆಯೇ?

ತಡೆದುಕೊಳ್ಳಬೇಡಿ. ಮೊದಲು ಆ ಕೋಣೆಯಿಂದ ಹೊರಗೆ ಬನ್ನಿ, ನಂಬುವ ಒಬ್ಬರಿಗೆ ಹೇಳಿ. ಜೀವಕ್ಕೆ ಅಪಾಯವಿದ್ದರೆ 112, ಮಹಿಳೆಯರ ಸಹಾಯವಾಣಿ 181, ಹಣವಿಲ್ಲದವರಿಗೆ ಕಾನೂನು ನೆರವು 15100, ಮನಸ್ಸು ತೀರ ಕುಸಿದಿದ್ದರೆ ಟೆಲಿ ಮಾನಸ್ 14416, ಇಲ್ಲಿ ಕನ್ನಡದಲ್ಲೂ ಮಾತಾಡಬಹುದು. ಕೌಟುಂಬಿಕ ಹಿಂಸೆಯಿಂದ ರಕ್ಷಿಸುವ ಕಾಯ್ದೆ 2005ರಿಂದ ಇದೆ; ಜಾತಿಯ ಕಾರಣಕ್ಕೆ ನಡೆಯುವ ದೌರ್ಜನ್ಯಕ್ಕೆ 1989ರ ಕಾಯ್ದೆಯಿದೆ. ಕೂಟದ ಹಿರಿಯ ಅಕ್ಕಂದಿರು ಠಾಣೆಗೆ ಜೊತೆಯಲ್ಲಿ ಬರುತ್ತಾರೆ. ಓದು ಆಮೇಲೆ, ನಿದ್ದೆ ಬಾರದ ರಾತ್ರಿಗಳಿಗೆ. ಹೊರಗೆ ಬಂದ ಮೇಲೂ ‘ತಪ್ಪು ನನ್ನದೇ’ ಎಂಬ ದನಿ ಬಹಳ ದಿನ ಕೂಗುತ್ತದೆ, ಅದರ ಜೊತೆ ಮಾತಾಡಲು ಅಕ್ಕನ ವಚನಗಳಷ್ಟು ಒಳ್ಳೆಯ ಗೆಳತಿಯರು ಕಡಿಮೆ.

ಕೂಟಕ್ಕೆ ಬರಲು ಏನು ತರಬೇಕು? ಕಬ್ಬಿನ ಹಂಗಾಮಿನಲ್ಲಿಯೂ ನಡೆಯುತ್ತದೆಯೇ?

ಒಂದು ವಹಿ, ಒಂದು ಪೆನ್ನು. ಆ ವಾರದ ವಚನವನ್ನು ಕೈಯಿಂದಲೇ ಬರೆದುಕೊಳ್ಳಬೇಕು, ಫೋಟೊ ತೆಗೆಯುವಂತಿಲ್ಲ ಎಂಬುದೊಂದೇ ನಿಯಮ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಐದು ನಿಮಿಷ ಯಾರೂ ಮಾತಾಡುವುದಿಲ್ಲ, ಆಮೇಲೆ ಇನ್ನೊಬ್ಬರು ಓದುತ್ತಾರೆ, ಅನಂತರ ಮಾತು.

ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವವರ ಟೋಳಿಗಳು ಹೊರಡುತ್ತವೆ, ಪಡಸಾಲೆ ಅರ್ಧ ಖಾಲಿಯಾಗುತ್ತದೆ. ಉಳಿದವರು ಕೂತು, ಹೋದವರಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲಿಟ್ಟು ಓದುತ್ತೇವೆ. ಬೆಳಗಿನ ಜಾವಕ್ಕೇ ಗದ್ದೆಗೆ ಇಳಿಯಬೇಕಾದ್ದರಿಂದ ಅವರಿಗೆ ಹೆಚ್ಚು ಹೊತ್ತು ಸಿಗುವುದಿಲ್ಲ. ಹೋದ ಹಂಗಾಮಿನಲ್ಲಿ, ಕಬ್ಬಿನ ಡೊಂಕು ಹೇಳಿಕೊಟ್ಟ ಅದೇ ಅಕ್ಕ, ತಾಡಪತ್ರಿ ಹೊದಿಸಿದ ಗುಡಿಸಲಲ್ಲಿ ಕೂತು, ಬ್ಯಾಟರಿಯ ಬೆಳಕಿನಲ್ಲಿ ತಮ್ಮ ವಹಿ ನೋಡಿಕೊಂಡು ಅಕ್ಕಮಹಾದೇವಿಯ ವಚನ ಓದುತ್ತಿದ್ದರು. ‘ಸಂತೆಯೊಳಗೊಂದು ಮನೆಯ ಮಾಡಿ’ ಎನ್ನುವಷ್ಟರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಗುಡಿಸಲ ಪಕ್ಕದಲ್ಲೇ ಹಾದುಹೋಯಿತು, ಹಾಡು ಹಚ್ಚಿಕೊಂಡು. ಇಲ್ಲಿ ನಮಗೆ ಬರೀ ಸದ್ದೇ ಕೇಳಿಸಿತು. ಅವರು ಅದು ದೂರ ಹೋಗುವ ತನಕ ಕಾದು, “ಎಲ್ಲಿದ್ದೆನ್ರಿ?” ಎಂದು ಕೇಳಿ, ಆ ಸಾಲನ್ನು ಮೊದಲಿನಿಂದ ಓದಿದರು.